ಕತ್ತಲೆಕಾನಿನ ಜಡ್ಡಿಗೆ ಎಂಟನೇ ತರಗತಿ

ಸಾಗರ ಬಿಟ್ಟು ತಾಳಗುಪ್ಪ ಸೇರುವ ಮೊದಲೇ ಬಸ್ಸು ನಿಲ್ಲಿಸಿದೆವು. ರಸ್ತೆ ಪಕ್ಕದಲ್ಲಿ ಅಕೇಶಿಯಾ ಪ್ಲಾಂಟೇಷನ್. ಐದೈದು ಮೀಟರಿನ ಚೌಕ ಬರುವಂತೆ ಹಗ್ಗ ಹಾಸಿ, ಒಳಗೆ ಎಷ್ಟು ಬಗೆಯ ಗಿಡಗಳಿವೆ ಎಣಿಸಿ ಎಂದು ಮಕ್ಕಳಿಗೆ ಹೇಳಿದೆ. ಹತ್ತು ನಿಮಿಷಕ್ಕೆ ಎಣಿಕೆ ಮುಗಿಯಿತು. ನಾಲ್ಕೇ ಬಗೆ, ಅದರಲ್ಲಿ ಒಂದು ಲಂಟಾನ, ಇನ್ನೊಂದು ಕಮ್ಯುನಿಸ್ಟ್ ಗಿಡ, ಎರಡೂ ಕಳೆಗಳೇ. ಕಾಲಡಿಯಲ್ಲಿ ಒಣಗಿ ಬಿದ್ದಿದ್ದನ್ನು ಒಬ್ಬ ಹುಡುಗ ತರಗೆಲೆ ಎಂದ. ಅದು ನಿಜವಾದ ಎಲೆಯಲ್ಲ, ಎಲೆಯ ತೊಟ್ಟೇ ಅಗಲವಾಗಿ ಎಲೆಯ ಕೆಲಸ ಮಾಡುತ್ತದೆ, ಈ ಮರ ಬಂದದ್ದು ಆಸ್ಟ್ರೇಲಿಯ, ನ್ಯೂಗಿನಿ ಕಡೆಯಿಂದ ಎಂದೆ. ಅವನು ಒಂದನ್ನು ಎತ್ತಿ ನೋಟ್‌ಬುಕ್ಕಿನೊಳಗೆ ಇಟ್ಟುಕೊಂಡ.

ಮತ್ತೆ ಬಸ್ಸು ಹತ್ತಿದ ಮೇಲೆ ನಿಮ್ಮ ಮನೆಗಳಲ್ಲಿ ಕಾಡಿಗೆ ಏನೇನು ಹೇಳುತ್ತಾರೆ ಎಂದು ಕೇಳಿದೆ. ಕಾನು, ಹಾಡಿ, ಬ್ಯಾಣ, ಹಕ್ಕಲು, ಸೊಪ್ಪಿನಬೆಟ್ಟ, ಜಡ್ಡಿ. ಸೌದೆ ತರುವುದೆಲ್ಲಿ, ಸೊಪ್ಪು ಕಡಿಯುವುದೆಲ್ಲಿ, ದನ ಮೇಯುವುದೆಲ್ಲಿ, ಎಲ್ಲಿ ಕತ್ತಿ ತಾಗಿಸಬಾರದು ಎನ್ನುವುದೆಲ್ಲ ಈ ಮಾತುಗಳಲ್ಲೇ ಇದೆ. ಪಾಠದಲ್ಲಿ ನಾವು ಇವೆಲ್ಲಕ್ಕೂ ‘ಅರಣ್ಯ’ ಎಂಬ ಒಂದೇ ಹೆಸರು ಹೇಳಿ ಮುಗಿಸುತ್ತೇವೆ. ಹದಿನೆಂಟು ವರ್ಷ ನಾನೂ ಹಾಗೆಯೇ ಮುಗಿಸಿದ್ದೇನೆ, ಅದು ನನ್ನನ್ನು ಈಗ ನೋಯಿಸುತ್ತದೆ.

ಜೋಗದಲ್ಲಿ ನಿಲ್ಲಲಿಲ್ಲ. ಮಾವಿನಗುಂಡಿ ದಾಟಿ ಹೊನ್ನಾವರದ ದಾರಿ ಹಿಡಿದರೆ ಕತ್ತಲೆಕಾನು, ಸಿದ್ದಾಪುರ ತಾಲ್ಲೂಕು. ಮೊದಲೇ ಅನುಮತಿ ತೆಗೆದುಕೊಂಡಿದ್ದರಿಂದ ಅರಣ್ಯ ಇಲಾಖೆಯ ಗಾರ್ಡ್ ಒಬ್ಬರು ಕಾಯುತ್ತಿದ್ದರು. ಮಕ್ಕಳು ಅವರನ್ನು ತಕ್ಷಣ ‘ಅಣ್ಣ’ ಮಾಡಿಕೊಂಡರು. ಜನವರಿಯಾದ್ದರಿಂದ ರಕ್ತ ಹೀರುವ ಉಂಬಳಗಳ ಕಾಟವಿರಲಿಲ್ಲ. ರಸ್ತೆಯಿಂದ ಸ್ವಲ್ಪ ಕೆಳಗಿಳಿದದ್ದೇ ತಡ, ನಡುಹಗಲಿನಲ್ಲೂ ಬೆಳಕು ಹಸಿರಾಗಿ ಮಬ್ಬಾಯಿತು. ಊರಿಗೆ ಈ ಹೆಸರು ಯಾಕೆ ಬಂತೆಂದು ಯಾರೂ ಕೇಳಲಿಲ್ಲ.

ಜಡ್ಡಿ ಎಂದರೆ ವರ್ಷವಿಡೀ ನೀರು ಜಿನುಗುವ ಜೌಗು. ಅದರ ತುಂಬ ರಾಮಪತ್ರೆಯ, ಅಂದರೆ ಕಾಡು ಜಾಯಿಕಾಯಿಯ, ಕುಟುಂಬದ ಮರಗಳು. ಬೇರುಗಳು ಕೆಸರಿನಿಂದ ಮೇಲೆದ್ದು, ಮಂಡಿ ಮಡಚಿದ ಹಾಗೆ ಬಾಗಿ, ಮತ್ತೆ ಕೆಸರಿಗೇ ಇಳಿದಿವೆ. ಕೆಲವು ಮರಗಳು ಕಾಂಡದಿಂದಲೇ ಬೇರು ಇಳಿಬಿಟ್ಟು ಊರುಗೋಲು ಹಿಡಿದ ಹಾಗೆ ನಿಂತಿವೆ. ಈ ಬೇರುಗಳು ಹೊರಗೆ ಬಂದದ್ದು ಯಾಕೆ? ಉತ್ತರ ಹೇಳಲು ಬಾಯಿ ತೆರೆದವನು ಸುಮ್ಮನಾದೆ, ತೋಟದ ಮನೆಯ ಹುಡುಗಿಯೊಬ್ಬಳು ಯೋಚಿಸುತ್ತಿದ್ದಳು.

“ಸರ್, ಬಸಿಗಾಲುವೆ ಕಟ್ಟಿಕೊಂಡ್ರೆ ನಮ್ಮ ಅಡಿಕೆ ಮರ ಹಳದಿ ಆಗತ್ತೆ. ಅಪ್ಪ ಹೇಳ್ತಾರೆ, ಬೇರಿಗೆ ಉಸಿರು ಕಟ್ತು ಅಂತ. ಇವು ಉಸಿರಾಡಕ್ಕೆ ಮೇಲೆ ಬಂದಾವಾ?”

ಹೌದು, ಅದಕ್ಕೇ. ನೀರು ನಿಂತ ಮಣ್ಣಿನಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಮಂಡಿಯ ಮೇಲಿನ ಸಣ್ಣ ರಂಧ್ರಗಳಿಂದ ಗಾಳಿ ಒಳಗೆ ಹೋಗುತ್ತದೆ. ಭೂತಗನ್ನಡಿ ಹಿಡಿದು ಒಬ್ಬೊಬ್ಬರಾಗಿ ಬಗ್ಗಿ ನೋಡಿದರು. ಅಷ್ಟು ಹೊತ್ತು ಮಕ್ಕಳು ಮೌನವಾಗಿದ್ದುದನ್ನು ನಾನು ತರಗತಿಯಲ್ಲಿ ಕಂಡಿಲ್ಲ.

ಜೌಗನ್ನು ತುಳಿಯಬಾರದೆಂದು ಅಂಚಿನ ಗಟ್ಟಿ ನೆಲದಲ್ಲಿ ಹಗ್ಗ ಹಾಸಿದೆವು. ಮೂವತ್ತರವರೆಗೆ ಎಣಿಸಿ, ಸಸಿ ಯಾವುದರ ಮರಿ, ಬಳ್ಳಿ ಯಾವುದು ಎಂದು ಗುರುತಿಸಲಾಗದೆ ಬಿಟ್ಟರು. 2000ದಲ್ಲಿ ವಿಜ್ಞಾನಿಗಳು ಗೇರಿನ ಬಂಧುವಾದ ಹೊಸ ಮರವೊಂದನ್ನು ಇಲ್ಲಿಂದಲೇ ಲೋಕಕ್ಕೆ ತಿಳಿಸಿ, ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಈ ಊರಿನ ಹೆಸರನ್ನೇ ಇಟ್ಟರು. ಅಂದಮೇಲೆ ಎಂಟನೇ ತರಗತಿಯವರಿಗೆ ಲೆಕ್ಕ ತಪ್ಪಿದ್ದು ಅವಮಾನವಲ್ಲ.

ಸಿಂಗಳೀಕ ಕಾಣಲಿಲ್ಲ. ಆದರೆ ತಲೆಯ ಮೇಲೆ ಭರ್ರನೆ ರೆಕ್ಕೆಯ ಸದ್ದಾಯಿತು. ಗಾರ್ಡ್ ಅಣ್ಣ ಬೆರಳೆತ್ತಿ, “ಮಂಗಟ್ಟೆ” ಎಂದರು. ಹಣ್ಣು ನುಂಗಿ, ಬೀಜಕ್ಕೆ ಸುತ್ತಿಕೊಂಡ ಪತ್ರೆ ಅರಗಿಸಿಕೊಂಡು, ಬೀಜವನ್ನು ದೂರದಲ್ಲಿ ಉಗುಳುವ ಹಕ್ಕಿ ಅದು. ಬೀಜ ಒಣಗಿದರೆ ಸತ್ತಿತು, ಹಸಿ ನೆಲದ ಮೇಲೆ ಬಿದ್ದರೆ ಮಾತ್ರ ಸಸಿ.

“ನಮ್ಮಜ್ಜಿ ಪತ್ರೆಕಾಯಿ ಒಂದೂ ಬಿಡದೆ ಕೊಯ್ಸ್ತಾರೆ, ಒಳ್ಳೆ ರೇಟಿದೆ” ಎಂದ ಒಬ್ಬ. ಆಮೇಲೆ ತಾನೇ ಸಣ್ಣ ದನಿಯಲ್ಲಿ, “ಮಂಗಟ್ಟೆಗೆ ಅಂತ ಸ್ವಲ್ಪ ಬಿಡಿ ಅಂತೀನಿ” ಎಂದ. ಅಜ್ಜಿಯನ್ನು ತಪ್ಪಿತಸ್ಥೆ ಮಾಡಲು ನನಗೆ ಮನಸ್ಸಿರಲಿಲ್ಲ, ಆ ದುಡ್ಡಿನಲ್ಲೇ ಅವನ ನೋಟ್‌ಬುಕ್ಕು ಬಂದಿರಬಹುದು. ಇಂಥ ಎಷ್ಟೋ ಜಡ್ಡಿಗಳು ಗದ್ದೆ, ತೋಟಗಳಾಗಿವೆ. ನಾವೆಲ್ಲ ಅಂಥ ತೋಟಗಳ ಅನ್ನವನ್ನೇ ಉಂಡವರು. ಇದನ್ನು ಮಕ್ಕಳಿಂದ ಮುಚ್ಚಿಟ್ಟು ಪರಿಸರ ಪಾಠ ಮಾಡಲಾರೆ.

ಹೊರಡುವ ಮುಂಚೆ ತೊರೆಯಲ್ಲಿ ಕೈ ಅದ್ದಿದೆವು. ಈ ನೀರು ಶರಾವತಿಗೆ ಸೇರುತ್ತದೆ, ಬೇಸಿಗೆಯಲ್ಲೂ ಹರಿಯುತ್ತದೆ ಎಂದರು ಗಾರ್ಡ್ ಅಣ್ಣ.

ಬಸ್ಸಿನಲ್ಲಿ ಎಲ್ಲರೂ ಹಾಡುತ್ತಿದ್ದಾಗ ಅಕೇಶಿಯಾ ‘ಎಲೆ’ ಎತ್ತಿಟ್ಟುಕೊಂಡಿದ್ದ ಹುಡುಗ ನನ್ನ ಸೀಟಿನ ಹತ್ತಿರ ಬಂದ.

“ಸರ್, ನಮ್ಮನೆಗೆ ಗುಡ್ಡದಿಂದ ಬರೋ ಅಬ್ಬಿ ನೀರು ಮೊದಲು ಮಳೆಗಾಲ ಬರೋವರೆಗೂ ಇರ್ತಿತ್ತಂತೆ. ಈಗ ಶಿವರಾತ್ರಿಗೇ ನಿಲ್ಲತ್ತೆ.”

“ಅಬ್ಬಿ ಮೇಲೆ ಗುಡ್ಡದಲ್ಲಿ ಏನಿದೆ?”

“ಈಗ ಪ್ಲಾಂಟೇಷನ್. ಮೊದಲು ಏನಿತ್ತು ಅಂತ ಅಜ್ಜನ್ನ ಕೇಳ್ಬೇಕು.”

ಮುಂದಿನ ಶನಿವಾರ ಹಗ್ಗ ಹಿಡಿದುಕೊಂಡು ಅವನ ಮನೆಯ ಗುಡ್ಡಕ್ಕೆ ಹೋಗುವುದು ಅಂತ ಅಲ್ಲೇ ತೀರ್ಮಾನವಾಯಿತು. ಅಜ್ಜನೂ ಬರುತ್ತಾರಂತೆ.