ಫ್ರೀಜರಿನ ಇಲಿ ಹಾವಿನ ಬಾಯಿ ಸೇರುವ ತನಕ

ಬಾಲ್ ಪೈಥಾನ್, ಕಾರ್ನ್ ಸ್ನೇಕ್‌ನಂಥ ವಿದೇಶಿ ಹಾವು ಸಾಕಿರುವವರಿಂದ ಪದೇ ಪದೇ ಕೇಳಿಬರುವ ದೂರು ಎರಡೇ. ‘ಹಾವು ಊಟ ಮುಟ್ತಿಲ್ಲ’, ಇಲ್ಲವೇ ‘ನುಂಗಿದ್ದನ್ನ ಎರಡೇ ದಿನಕ್ಕೆ ಕಕ್ಕಿಬಿಡ್ತು’. ಹಾವಿಗೆ ಕಾಯಿಲೆ ಅಂತ ಗಾಬರಿಯಾಗುವ ಮೊದಲು ಊಟಕ್ಕೆ ಕೊಟ್ಟ ಹೆಪ್ಪುಗಟ್ಟಿಸಿದ ಇಲಿಯ ಕಡೆ ನೋಡಿ. ಅದು ಎಷ್ಟು ತಿಂಗಳು ಫ್ರೀಜರಿನಲ್ಲಿತ್ತು, ಹೇಗೆ ಕರಗಿತು, ಕೊಡುವ ಹೊತ್ತಿಗೆ ಅದರ ಹೊಟ್ಟೆಯೊಳಗೆ ಬಿಸಿ ಇತ್ತೋ ಐಸ್ ಇತ್ತೋ? ಬಹಳಷ್ಟು ಸಲ ಉತ್ತರ ಅಲ್ಲೇ ಸಿಗುತ್ತದೆ. ಇಟ್ಟಿರುವಷ್ಟು ದಿನ ಕಲ್ಲಿನ ಹಾಗಿರಬೇಕು, ಕರಗುವುದು ನಿಧಾನವಾಗಿ ಆಗಬೇಕು, ಬಿಸಿ ಮಾತ್ರ ಕೊನೆಯ ಕಾಲು, ಅರ್ಧ ಗಂಟೆಯ ಕೆಲಸ.

ಮುಂದೆ ಹೋಗುವ ಮೊದಲು ಒಂದು ಮಾತು. ಇಲ್ಲಿ ಹೇಳುತ್ತಿರುವುದೆಲ್ಲ ವಿದೇಶಿ ಜಾತಿಯ ಸಾಕುಹಾವುಗಳ ಬಗ್ಗೆ. ಕೇರೆ, ಮಣ್ಣುಮುಕ್ಕ, ಹೆಬ್ಬಾವು, ನಾಗರ ಇವನ್ನು ಮನೆಯಲ್ಲಿ ಇಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ, ಎಷ್ಟೇ ಪ್ರೀತಿಯಿಂದ ಸಾಕಿದರೂ. ಬಾಲ್ ಪೈಥಾನ್, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವುದರಿಂದ 2022ರ ತಿದ್ದುಪಡಿಯ ನಂತರ ಅದನ್ನೂ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಕಾಗದಪತ್ರ ಸರಿಯಿಲ್ಲದಿದ್ದರೆ ಊಟದ ಚಿಂತೆಗೂ ಮೊದಲು ಅದನ್ನು ಸರಿಪಡಿಸಿಕೊಳ್ಳಿ.

ಮಂಡ್ಯದ ಕಡೆಯವರಿಗೆ ಒಂದು ವಿಷಯ ಒತ್ತಿ ಹೇಳಲೇಬೇಕು. ಕಬ್ಬಿನ ಗದ್ದೆಯಲ್ಲೋ ಭತ್ತದ ಬದುವಿನಲ್ಲೋ ಹಿಡಿದ ಇಲಿಯನ್ನು ಹಾವಿಗೆ ಹಾಕಬೇಡಿ. ಪುಕ್ಕಟೆ ಸಿಗುತ್ತದೆ ನಿಜ, ಆದರೆ ಗದ್ದೆಗಳಲ್ಲಿ ಇಲಿ ಪಾಷಾಣ ಇಡದ ರೈತರು ಕಡಿಮೆ. ಜಿಂಕ್ ಫಾಸ್ಫೈಡ್ ತಿಂದ ಇಲಿಯ ಹೊಟ್ಟೆಯಲ್ಲಿ ಉಳಿದಿರುವ ವಿಷ ಹಾವಿನ ಜಠರದ ಆಮ್ಲಕ್ಕೆ ಸಿಕ್ಕಾಗ ಫಾಸ್ಫೀನ್ ಎಂಬ ವಿಷಾನಿಲವಾಗುತ್ತದೆ. ಬ್ರೋಮಡಿಯೋಲೋನ್ ಬಿಲ್ಲೆ ತಿಂದ ಇಲಿ ನಾಲ್ಕೈದು ದಿನ ಚೆನ್ನಾಗಿಯೇ ಓಡಾಡಿಕೊಂಡಿರುತ್ತದೆ, ನೋಡಿದರೆ ಏನೂ ಗೊತ್ತಾಗುವುದಿಲ್ಲ, ವಿಷ ಮಾತ್ರ ಪಿತ್ತಜನಕಾಂಗದಲ್ಲಿ ಕೂತಿರುತ್ತದೆ. ಇದರ ಮೇಲೆ ಹುಳುಗಳು. ಜೊತೆಗೆ ಹಿಡಿಯುವ ನಿಮಗೆ ಇಲಿ ಜ್ವರದ ಅಪಾಯ. ಫ್ರೀಜರಿನಲ್ಲಿ ಇಟ್ಟರೆ ಕೆಲವು ಪರಾವಲಂಬಿಗಳು ಸಾಯುತ್ತವೆ, ವಿಷ ಎಲ್ಲಿಗೂ ಹೋಗುವುದಿಲ್ಲ. ಮನೆಯ ಹಿತ್ತಲಿನ ಹೆಗ್ಗಣಕ್ಕೂ ಇದೇ ಮಾತು. ಊಟಕ್ಕೆಂದೇ ಸಾಕಿ ಬೆಳೆಸಿದ ಬಿಳಿ ಇಲಿಯನ್ನಷ್ಟೇ ಬಳಸಿ.

ಅದನ್ನೂ ಜೀವಂತ ಕೊಡಬೇಡಿ. ಗೂಡಿನಲ್ಲಿ ಸಿಕ್ಕಿಬಿದ್ದ ಇಲಿ ಹಾವಿನ ಬೆನ್ನು ಕಚ್ಚಿ ಮೂಳೆ ಕಾಣುವಷ್ಟು ಗಾಯ ಮಾಡಬಲ್ಲದು. ಬದುಕಿರುವ ಇಲಿಯನ್ನು ಹಾಗೇ ಫ್ರೀಜರಿಗೆ ಹಾಕಿ ಸಾಯಿಸುವುದಂತೂ ಬರೀ ಹಿಂಸೆ. ಮರಿಗಳು ಸಾಯಲು ತುಂಬಾ ಹೊತ್ತು ಹಿಡಿಯುತ್ತದೆ. ಸರಿಯಾದ ಕ್ರಮದಲ್ಲಿ ಸಾಯಿಸಿ, ಹೆಪ್ಪುಗಟ್ಟಿಸಿ ಕೊಡುವವರ ಹತ್ತಿರವೇ ಕೊಳ್ಳಿ, ಹೇಗೆ ಸಾಯಿಸುತ್ತೀರಿ ಅಂತ ಕೇಳಲು ಸಂಕೋಚ ಬೇಡ.

ಕೊಳ್ಳುವಾಗ ಗೊಂದಲ ಹುಟ್ಟುವುದು ಅಳತೆಯಲ್ಲಿ. ಮೌಸ್‌ಗೂ ರ್‍ಯಾಟ್‌ಗೂ ನಾವು ಇಲಿ ಅಂತಲೇ ಕರೆಯುವುದು. ಆದರೆ ಮೌಸ್‌ನ ಪಿಂಕಿ, ಅಂದರೆ ಕೂದಲಿಲ್ಲದ ಎಳೆಮರಿ, 1ರಿಂದ 3 ಗ್ರಾಂ ತೂಗಿದರೆ ರ್‍ಯಾಟ್‌ನ ಪಿಂಕಿ ಅದರ ಎರಡು ಮೂರು ಪಟ್ಟು. ಕೂದಲು ಮೂಡಿದ ಮೌಸ್ ಫಝಿ 3ರಿಂದ 6 ಗ್ರಾಂ, ನೆಗೆಯಲು ಕಲಿತ ಹಾಪರ್ 7ರಿಂದ 12, ಬೆಳೆದ ಮೌಸ್ 20ರಿಂದ 30. ಬೆಳೆದ ರ್‍ಯಾಟ್ 150 ಗ್ರಾಂ ದಾಟಿ ಹೋಗುತ್ತದೆ. ಹಾಗಾಗಿ ಹೆಸರು ಬಿಟ್ಟು ಗ್ರಾಂ ಲೆಕ್ಕದಲ್ಲಿ ಕೇಳಿ. ಒಂದು ಗ್ರಾಂ ತನಕ ತೋರಿಸುವ ಡಿಜಿಟಲ್ ತಕ್ಕಡಿ ಮನೆಯಲ್ಲಿರಲಿ, ಹಾವನ್ನೂ ಅದರಲ್ಲೇ ತೂಗಬಹುದು.

ಬೆಳೆಯುತ್ತಿರುವ ಮರಿಹಾವಿಗೆ ಅದರ ತೂಕದ ನೂರಕ್ಕೆ 10ರಿಂದ 15ರಷ್ಟು ಊಟ, ಐದರಿಂದ ಏಳು ದಿನಕ್ಕೊಮ್ಮೆ. 70 ಗ್ರಾಂನ ಬಾಲ್ ಪೈಥಾನ್ ಮರಿಗೆ 8-10 ಗ್ರಾಂನ ಹಾಪರ್ ಸರಿಹೋಗುತ್ತದೆ. ಒಂದೂವರೆ ಕೆಜಿ ಮುಟ್ಟಿದ ದೊಡ್ಡ ಹಾವಿಗೆ 70-100 ಗ್ರಾಂನ ಒಂದು ರ್‍ಯಾಟ್, ಎರಡು ಮೂರು ವಾರಕ್ಕೊಮ್ಮೆ, ಸಾಕು. ಬೆಳೆದ ಕಾರ್ನ್ ಸ್ನೇಕ್‌ಗೆ ಎರಡು ವಾರಕ್ಕೊಂದು ದೊಡ್ಡ ಮೌಸ್. ತಕ್ಕಡಿ ಇಲ್ಲದಿದ್ದರೆ ಹಾವಿನ ಮೈಯ ಅತಿ ದಪ್ಪ ಭಾಗ ನೋಡಿ, ಇಲಿ ಅದಕ್ಕಿಂತ ಹೆಚ್ಚು ದಪ್ಪ ಇರಬಾರದು. ಪಾಪ ಹಸಿದಿದೆ ಅಂತ ದೊಡ್ಡದು ಕೊಡುವುದರಿಂದ ಆಗುವ ಅನಾಹುತ, ಚಿಕ್ಕದು ಕೊಡುವುದರಿಂದ ಯಾವತ್ತೂ ಆಗುವುದಿಲ್ಲ.

ಬೆಂಗಳೂರಿನಿಂದ ತರಿಸಿಕೊಳ್ಳುವುದಾದರೆ ದಾರಿಯ ಮೂರು ನಾಲ್ಕು ಗಂಟೆಯೇ ಪರೀಕ್ಷೆ. ಮೀನಿನಂಗಡಿಯ ದಪ್ಪ ಥರ್ಮಾಕೋಲ್ ಡಬ್ಬ ತೆಗೆದುಕೊಳ್ಳಿ. ಬರೀ ಐಸ್ ಸಾಲದು, ಐಸ್ ಸೊನ್ನೆ ಡಿಗ್ರಿಯಲ್ಲೇ ನಿಲ್ಲುತ್ತದೆ, ಇಲಿ ಅಷ್ಟಕ್ಕೆ ಕರಗಲು ಶುರುವಾಗುತ್ತದೆ. ಮೂರು ಪಾಲು ಪುಡಿಮಾಡಿದ ಐಸ್‌ಗೆ ಒಂದು ಪಾಲು ಉಪ್ಪು ಬೆರೆಸಿ, ಸೋರದ ಕವರಿನಲ್ಲಿ ಕಟ್ಟಿ, ಇಲಿಗಳ ಮೇಲೂ ಕೆಳಗೂ ಇಟ್ಟರೆ ಮೈನಸ್ ಹತ್ತಕ್ಕೂ ಕೆಳಗೆ ಹೋಗುತ್ತದೆ. ಡಬ್ಬದ ಅಂಚಿಗೆ ಸುತ್ತಲೂ ಟೇಪ್ ಹಾಕಿ. ಮನೆಗೆ ಬಂದಾಗ ಒಂದೊಂದನ್ನೇ ಒತ್ತಿ ನೋಡಿ. ಕಲ್ಲಿನಂತಿದ್ದರೆ ಫ್ರೀಜರಿಗೆ. ಮೆತ್ತಗಾಗಿದ್ದು ಇನ್ನೂ ತಣ್ಣಗಿದ್ದರೆ ಮತ್ತೆ ಹೆಪ್ಪುಗಟ್ಟಿಸಬೇಡಿ, ಫ್ರಿಜ್‌ನಲ್ಲಿಟ್ಟು ಮಾರನೇ ದಿನದೊಳಗೆ ಕೊಡಿ. ಕರಗಿ ಮತ್ತೆ ಗಟ್ಟಿಯಾದ ಇಲಿಯಲ್ಲಿ ಐಸ್ ಹರಳುಗಳು ಜೀವಕೋಶ ಒಡೆದಿರುತ್ತವೆ. ಎರಡನೇ ಸಲ ಕರಗಿದಾಗ ನೀರು ಬಿಟ್ಟು ಬೇಗ ಕೊಳೆಯುತ್ತದೆ.

ಫ್ರೀಜರ್ ಮೈನಸ್ 18ರಲ್ಲಿರಬೇಕು. ಅಡುಗೆಮನೆಯ ಫ್ರಿಜ್ ಬಳಸಬೇಡಿ ಅನ್ನುವುದೇ ನಮ್ಮ ಸಲಹೆ. ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಚಳಿಗೆ ಸಾಯುವುದಿಲ್ಲ, ಮನೆಯಲ್ಲಿ ಮಕ್ಕಳು, ವಯಸ್ಸಾದವರು ಇದ್ದರೆ ಇನ್ನೂ ಎಚ್ಚರ ಬೇಕು. ಹಳೆಯದೊಂದು ಸಣ್ಣ ಫ್ರಿಜ್ ಸಿಕ್ಕಿದರೆ ಆ ತಲೆನೋವೇ ಇಲ್ಲ. ಇಲಿಗಳನ್ನು ಜಿಪ್ ಕವರಿನಲ್ಲಿ ಒಂದೇ ಪದರವಾಗಿ ಹರಡಿ, ಗಾಳಿಯೆಲ್ಲ ಒತ್ತಿ ತೆಗೆದು ಮುಚ್ಚಿ. ಗಾಳಿ ಉಳಿದರೆ ಚರ್ಮ ಒಣಗಿ ಬಿಳಿಚುತ್ತದೆ, ಕೊಬ್ಬು ಕಮಟುತ್ತದೆ, ಹಾವು ಮೂಸಿ ಬಿಟ್ಟುಬಿಡುತ್ತದೆ. ಕವರಿನ ಮೇಲೆ ತಾರೀಖು, ತೂಕ ಬರೆಯಿರಿ. ಆರು ತಿಂಗಳೊಳಗೆ ಮುಗಿಸುವಷ್ಟೇ ತನ್ನಿ.

ಇನ್ನು ಕರೆಂಟಿನ ವಿಷಯ. ನಿರ್ವಹಣೆ ಕೆಲಸ ಅಂತ ವಿದ್ಯುತ್ ನಿಗಮ ಸೆಸ್ಕ್‌ನವರು ಹಗಲಿಡೀ ಲೈನ್ ತೆಗೆಯುವುದುಂಟು, ಏಪ್ರಿಲ್-ಮೇ ಗಾಳಿಮಳೆಗೆ ಮರ ಬಿದ್ದರೆ ರಾತ್ರಿಯೂ ಇಲ್ಲ. ಮನೆಯ ಯುಪಿಎಸ್ ಸಾಮಾನ್ಯವಾಗಿ ಫ್ರಿಜ್ ಎಳೆಯುವುದಿಲ್ಲ. ತುಂಬಿದ ಫ್ರೀಜರ್ ಬಾಗಿಲು ತೆಗೆಯದಿದ್ದರೆ ಎರಡು ದಿನ ತಡೆಯುತ್ತದೆ, ಅರ್ಧ ಖಾಲಿಯಿದ್ದರೆ ಒಂದೇ ದಿನ. ಅದಕ್ಕೇ ಖಾಲಿ ಜಾಗಕ್ಕೆಲ್ಲ ನೀರಿನ ಬಾಟಲಿ ಮುಕ್ಕಾಲು ತುಂಬಿಸಿ ಇಟ್ಟುಬಿಡಿ. ಊರಿಗೆ ಹೋಗುವಾಗ ಒಂದು ಲೋಟದಲ್ಲಿ ನೀರು ಹೆಪ್ಪುಗಟ್ಟಿಸಿ ಮೇಲೊಂದು ನಾಣ್ಯ ಇಟ್ಟು ಹೋಗಿ. ಬಂದಾಗ ನಾಣ್ಯ ತಳ ಸೇರಿದ್ದರೆ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ ಅಂತ ಅರ್ಥ. ಎಷ್ಟೇ ದುಡ್ಡು ಕೊಟ್ಟಿದ್ದರೂ ಆ ಸರಕು ಬಿಸಾಡಲೇಬೇಕು.

ಕರಗಿಸುವುದು ಹಿಂದಿನ ರಾತ್ರಿಯ ಕೆಲಸ. ಬೇಕಾದಷ್ಟನ್ನೇ ಬೇರೆ ಕವರಿಗೆ ಹಾಕಿ, ಮುಚ್ಚಳದ ಡಬ್ಬದಲ್ಲಿಟ್ಟು, ಫ್ರಿಜ್‌ನ ಕೆಳಗಿನ ಅರೆಯಲ್ಲಿಡಿ. ಬೆಳೆದ ಮೌಸ್‌ಗೆ ಎಂಟು ಹತ್ತು ಗಂಟೆ, 100 ಗ್ರಾಂ ದಾಟಿದ ರ್‍ಯಾಟ್‌ಗೆ ಪೂರ್ತಿ ಒಂದು ದಿನ. ಪಿಂಕಿ ಎರಡು ಮೂರು ಗಂಟೆಯಲ್ಲಿ ಕರಗುತ್ತದೆ. ಅವಸರಕ್ಕೆ ಅಡುಗೆಕಟ್ಟೆಯ ಮೇಲೆ ಬಿಟ್ಟರೆ, ಅದೂ ನಮ್ಮ ಏಪ್ರಿಲ್ ಬಿಸಿಲಿನಲ್ಲಿ, ಹೊರಗಿನ ಚರ್ಮ ಬೆಚ್ಚಗಾಗಿ ಕೊಳೆಯಲು ಶುರುವಾದರೂ ಒಳಗಿನ ಕರುಳು ಐಸ್ ಆಗಿಯೇ ಇರುತ್ತದೆ. ಮೈಕ್ರೋವೇವ್‌ನಲ್ಲಿ ಒಂದು ಕಡೆ ಬೆಂದು ಒಂದು ಕಡೆ ಹಸಿಯಾಗಿ, ಕೊನೆಗೆ ಹೊಟ್ಟೆ ಒಡೆದು ಸಿಡಿಯುತ್ತದೆ. ಕುದಿಯುವ ನೀರಿಗೆ ಹಾಕಿದರೂ ಚರ್ಮ ಬಿರಿದು ಕರುಳು ಹೊರಬರುತ್ತದೆ.

ಕರಗಿತೋ ಇಲ್ಲವೋ ಅಂತ ತಿಳಿಯಲು ಹೊಟ್ಟೆ ಮತ್ತು ಎದೆಯ ಭಾಗವನ್ನು ಎರಡು ಬೆರಳಲ್ಲಿ ಒತ್ತಿ, ಬೆನ್ನನ್ನು ಮೆಲ್ಲಗೆ ಬಗ್ಗಿಸಿ. ಒಳಗೆ ಗಟ್ಟಿ ಗುಂಡಿನಂಥದ್ದು ಸಿಕ್ಕರೆ ಇನ್ನೂ ಕರಗಿಲ್ಲ. ಹೊಟ್ಟೆ ಹಸಿರುಗಟ್ಟಿದ್ದರೆ, ಉಬ್ಬಿದ್ದರೆ, ಕೂದಲು ಹಿಡಿದರೆ ಕಿತ್ತು ಬಂದರೆ ಅದನ್ನು ಕೊಡುವ ಯೋಚನೆ ಬಿಡಿ.

ಹಾವಿಗೆ ಕೊಡುವ ಕಾಲು, ಅರ್ಧ ಗಂಟೆ ಮೊದಲು ಬಿಸಿನೀರು. ಇಲಿಯನ್ನು ಎರಡು ಕವರಿನೊಳಗೆ ಹಾಕಿ ಗಾಳಿ ತೆಗೆದು ಕಟ್ಟಿ. ನೇರ ನೀರಿಗೆ ಹಾಕಿದರೆ ವಾಸನೆ ತೊಳೆದು ಹೋಗುತ್ತದೆ, ಕೂದಲು ಒದ್ದೆಯಾಗುತ್ತದೆ, ಬಾಲ್ ಪೈಥಾನ್‌ಗಂತೂ ಒದ್ದೆ ಇಲಿ ಇಷ್ಟವಾಗುವುದಿಲ್ಲ, ಗೂಡಿನ ತೆಂಗಿನ ನಾರಿನ ಪುಡಿಯೂ ಮೆತ್ತಿಕೊಳ್ಳುತ್ತದೆ. ನೀರು 40ರಿಂದ 45 ಡಿಗ್ರಿ. ಥರ್ಮಾಮೀಟರ್ ಇಲ್ಲವೇ? ಒಂದು ಚೊಂಬು ಕುದಿಯುವ ನೀರಿಗೆ ಮೂರು ಚೊಂಬು ನಲ್ಲಿ ನೀರು ಬೆರೆಸಿ, ಹೆಚ್ಚೂಕಡಿಮೆ ಅಷ್ಟೇ ಆಗುತ್ತದೆ. ಬೇಸಿಗೆಯಲ್ಲಿ ಟ್ಯಾಂಕಿನ ನೀರೇ ಬಿಸಿಯಿರುವುದರಿಂದ ನಾಲ್ಕು ಚೊಂಬು ಹಾಕಿ. ಕವರ್ ತೇಲದಂತೆ ಮೇಲೊಂದು ಲೋಟ ಹೇರಿ. ಮೌಸ್‌ಗೆ 10-15 ನಿಮಿಷ, 100 ಗ್ರಾಂನ ರ್‍ಯಾಟ್‌ಗೆ ಅರ್ಧ ಗಂಟೆ, ನಡುವೆ ಒಮ್ಮೆ ನೀರು ಬದಲಿಸಿ. ಹೊರತೆಗೆದು ಟಿಶ್ಯೂ ಪೇಪರಿನಲ್ಲಿ ಒರೆಸಿ. ಮೈ 37-38 ಡಿಗ್ರಿ ಇರಬೇಕು, ಅಂದರೆ ನಿಮ್ಮ ಅಂಗೈಗೆ ತುಸು ಬೆಚ್ಚಗೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಬಾಲ್ ಪೈಥಾನ್‌ನ ಮೇಲ್ದುಟಿಯಲ್ಲಿ ಶಾಖ ಗ್ರಹಿಸುವ ಗುಳಿಗಳಿವೆ, ಅದಕ್ಕೆ ಬಿಸಿಯೇ ‘ಇದು ಊಟ’ ಅನ್ನುವ ಗುರುತು. ತಣ್ಣಗಿರುವ ಇಲಿ ಅದಕ್ಕೆ ಕಲ್ಲಿದ್ದ ಹಾಗೆ. ಬಾಲದ ಕಡೆ ಹೆಚ್ಚು ಬಿಸಿಯಿದ್ದರೆ ಬಾಲದ ಕಡೆಯೇ ಹಿಡಿದು, ನುಂಗಲು ತಲೆ ಹುಡುಕಿಕೊಂಡು ಒದ್ದಾಡುತ್ತದೆ. ಹಾಗಾಗಿ ಕೊಡುವ ಅರ್ಧ ನಿಮಿಷ ಮೊದಲು ಇಲಿಯ ತಲೆಯನ್ನಷ್ಟೇ ಮತ್ತೊಮ್ಮೆ ಕವರಿನ ಸಮೇತ ಬಿಸಿನೀರಿನಲ್ಲಿ ಅದ್ದಿ ತೆಗೆಯಿರಿ. ಕಾರ್ನ್ ಸ್ನೇಕ್‌ಗೆ ಈ ಗುಳಿಗಳಿಲ್ಲ, ಅದು ವಾಸನೆಯಿಂದ ಗುರುತಿಸುತ್ತದೆ, ಇಷ್ಟು ಕಟ್ಟುನಿಟ್ಟು ಬೇಕಿಲ್ಲ.

ಕೊಡುವುದು ಸಂಜೆ ಕತ್ತಲಾದ ಮೇಲೆ, ದೀಪ ಕಡಿಮೆ ಮಾಡಿ. ಒಂದಡಿ ಉದ್ದದ, ತುದಿಗೆ ರಬ್ಬರ್ ಇರುವ ಚಿಮಟದಲ್ಲಿ ಇಲಿಯ ಸೊಂಟದ ಹತ್ತಿರ ಹಿಡಿದು, ತಲೆ ಹಾವಿನ ಕಡೆ ಇರುವಂತೆ ಚಾಚಿ. ಬರಿಗೈಯಲ್ಲಿ ಬೇಡ, ಹಾವಿಗೆ ನಿಮ್ಮ ಬೆರಳೂ ಬೆಚ್ಚಗೇ ಕಾಣುತ್ತದೆ. ಮುಖಕ್ಕೆ ತಿವಿಯಬೇಡಿ, ಪಕ್ಕದಿಂದ ಮೆಲ್ಲಗೆ ಅಲುಗಿಸಿ. ಹಿಡಿದು ಸುತ್ತಿಕೊಂಡ ಮೇಲೆ ಎಳೆಯದೆ ಬಿಟ್ಟುಬಿಡಿ. ಮುಟ್ಟದಿದ್ದರೆ ಗೂಡಿನಲ್ಲಿ ಅದು ಅಡಗುವ ಬಿಲದ ಬಾಯಲ್ಲಿಟ್ಟು ಹೊರಬನ್ನಿ, ಎರಡು ಮೂರು ಗಂಟೆಯಲ್ಲಿ ತಿನ್ನದಿದ್ದರೆ ತೆಗೆಯಿರಿ.

ತಿನ್ನದ ಹಾವಿನ ಕಣ್ಣು ಮೊದಲು ನೋಡಿ. ಹಾಲುಗಟ್ಟಿದ ಹಾಗೆ ಮಬ್ಬಾಗಿದ್ದರೆ ಪೊರೆ ಬಿಡುವ ಸಮಯ, ಒಂದು ವಾರ ಸುಮ್ಮನಿರಿ. ದೊಡ್ಡ ಗಂಡು ಬಾಲ್ ಪೈಥಾನ್ ಚಳಿಗಾಲದಲ್ಲಿ ವಾರಗಟ್ಟಲೆ ಉಪವಾಸ ಇರುವುದು ಸಹಜ, ತೂಕ ಇಳಿಯದಿದ್ದರೆ ಚಿಂತೆಯಿಲ್ಲ. ಜೀವಂತ ತಿಂದು ರೂಢಿಯಾಗಿ ಫ್ರೋಜನ್ ಒಲ್ಲೆ ಅನ್ನುವ ಹಾವಿಗೆ ಇಲಿಯ ನೆತ್ತಿಯನ್ನು ದಪ್ಪ ಸೂಜಿಯಿಂದ ಚುಚ್ಚಿ ಸ್ವಲ್ಪ ಮಿದುಳು ಹೊರಬರುವಂತೆ ಮಾಡಿ ಕೊಡಿ, ಆ ವಾಸನೆಗೆ ಬಹಳಷ್ಟು ಹಾವು ಬಾಯಿ ಹಾಕುತ್ತವೆ. ಹಟ ಮಾಡುವ ಕಾರ್ನ್ ಸ್ನೇಕ್ ಮರಿಯನ್ನು ಗಾಳಿತೂತಿರುವ ಸಣ್ಣ ಡಬ್ಬದಲ್ಲಿ ಪಿಂಕಿಯ ಜೊತೆ ಕತ್ತಲಲ್ಲಿ ರಾತ್ರಿಯಿಡೀ ಬಿಡಬಹುದು. ದಿನ ಬಿಟ್ಟು ದಿನ ತೋರಿಸಿ ಕಾಡಬೇಡಿ, ಐದಾರು ದಿನ ಬಿಟ್ಟು ಮತ್ತೆ ನೋಡಿ.

ಚಿಮಟ, ಡಬ್ಬ, ಬೋಗುಣಿ ಇವು ಹಾವಿಗೇ ಮೀಸಲಾಗಿರಲಿ, ಪಾತ್ರೆ ತೊಳೆಯುವ ಸಿಂಕಿನಲ್ಲಿ ತೊಳೆಯಬೇಡಿ. ಸೋಪು ಹಚ್ಚಿ ತೊಳೆದು, ಒಂದು ಪಾಲು ಬ್ಲೀಚ್‌ಗೆ ಹತ್ತು ಪಾಲು ನೀರು ಬೆರೆಸಿ ಹತ್ತು ನಿಮಿಷ ನೆನೆಸಿ, ಜಾಲಿಸಿ ಒಣಗಿಸಿ. ಉಳಿದ ಇಲಿಯನ್ನು ಬೀದಿನಾಯಿ ಎಳೆದಾಡುವಂತೆ ಕಸದ ಬುಟ್ಟಿಗೆ ಎಸೆಯಬೇಡಿ, ಒಂದೆರಡು ಅಡಿ ಗುಂಡಿ ತೋಡಿ ಸುಣ್ಣ ಉದುರಿಸಿ ಮುಚ್ಚಿ.

ನುಂಗಿದ ಮೇಲೆ ಎರಡು ದಿನ ಹಾವನ್ನು ಎತ್ತಬೇಡಿ. ಆಮೇಲೆ ಅರಗುವುದು ಗೂಡಿನ ಶಾಖದಿಂದ. ಬಾಲ್ ಪೈಥಾನ್‌ಗೆ ಬೆಚ್ಚಗಿನ ಮೂಲೆ 31-33 ಡಿಗ್ರಿ, ಕಾರ್ನ್ ಸ್ನೇಕ್‌ಗೆ 29-31. ಡಿಸೆಂಬರ್-ಜನವರಿಯ ಮೈಸೂರಿನ ರಾತ್ರಿ 16-17ಕ್ಕೆ ಇಳಿಯುವಾಗ ಥರ್ಮೋಸ್ಟಾಟ್ ಇರುವ ಹೀಟರ್ ಇಲ್ಲದೆ ಇದು ಆಗುವುದಿಲ್ಲ. ಅರಗದ ಇಲಿ ಹೊಟ್ಟೆಯಲ್ಲೇ ಕೊಳೆಯುತ್ತದೆ, ಆಗ ಹಾವು ಕಕ್ಕುತ್ತದೆ. ಕಕ್ಕಿದರೆ ತಕ್ಷಣ ಮತ್ತೊಂದು ಇಲಿ ಕೊಡಬೇಡಿ. ಜಠರದ ಆಮ್ಲವೆಲ್ಲ ಅನ್ನನಾಳಕ್ಕೆ ಬಂದು ಸುಟ್ಟಿರುತ್ತದೆ. ನೀರು ಇಟ್ಟು, ಶಾಖ ಅಳೆದು ಸರಿಪಡಿಸಿ, ಹತ್ತರಿಂದ ಹದಿನಾಲ್ಕು ದಿನ ಖಾಲಿ ಹೊಟ್ಟೆಯಲ್ಲಿ ಬಿಡಿ. ನಂತರ ಮಾಮೂಲಿ ಅಳತೆಯ ಅರ್ಧದಷ್ಟು ಇಲಿ, ಒಳಗಿನ ತನಕ ಕರಗಿದ್ದು, ಬೆಚ್ಚಗಿರುವುದು. ಅದನ್ನೂ ಕಕ್ಕಿದರೆ ಮೂರನೇ ಪ್ರಯತ್ನ ಮಾಡದೆ, ಸರೀಸೃಪಗಳನ್ನು ನೋಡುವ ಪಶುವೈದ್ಯರ ಹತ್ತಿರ ಕರೆದೊಯ್ಯಿರಿ. ಕಕ್ಕಿದ್ದನ್ನೂ ಕವರಿನಲ್ಲಿ ಕಟ್ಟಿ, ಫ್ರಿಜ್‌ನಲ್ಲಿ ತಣ್ಣಗಿಟ್ಟು ಜೊತೆಗೇ ಒಯ್ಯಿರಿ.