ಅಳಿಲು ತಿಂದಿದ್ದೀಯಂತೆ, ನಿಜಾನಾ?

ಹೌದು, ತಿಂದಿದ್ದೇನೆ. ಒಂದು ಸಲ ರುಚಿ ನೋಡಿ ಬಿಟ್ಟಿದ್ದಲ್ಲ, ಕರೆದಾಗಲೆಲ್ಲ ಹೋಗಿ ತಿಂದಿದ್ದೇನೆ. ಕೆಲಸದ ಮೇಲೆ ಕೆಲವು ವರ್ಷ ಅಮೆರಿಕದ ಕೆಂಟಕಿ ರಾಜ್ಯದಲ್ಲಿದ್ದೆ, ಅಲ್ಲಿನ ಮಾತು ಇದು. ಬೆಂಗಳೂರಿಗೆ ವಾಪಸ್ ಬಂದಮೇಲೆ ಈ ಸುದ್ದಿ ಹೇಗೋ ನೆಂಟರಲ್ಲೆಲ್ಲ ಹಬ್ಬಿತು. ಈಗ ಯಾರ ಮನೆಗೆ ಹೋದರೂ ಊಟದ ಮಧ್ಯೆ ಇದೇ ಪ್ರಶ್ನೆ. ಅಳಿಲು ತಿಂದಿದ್ದೀಯಂತೆ ನಿಜಾನಾ, ಹೇಗಿರುತ್ತೆ, ಪಾಪ ಅನ್ನಿಸಲಿಲ್ವಾ? ತಲೆಮಾಂಸ, ಬೋಟಿ, ಕಾಲು ಸೂಪು ಎಲ್ಲ ಚಪ್ಪರಿಸಿ ತಿನ್ನುವವರೂ ಅಳಿಲು ಅಂದ ತಕ್ಷಣ ಮುಖ ಕಿವುಚುತ್ತಾರೆ. ಒಬ್ಬೊಬ್ಬರಿಗೇ ಹೇಳಿ ಸಾಕಾಗಿದೆ, ಅದಕ್ಕೇ ಬರೆದು ಹಾಕುತ್ತಿದ್ದೇನೆ.

ಮೊದಲನೆಯದಾಗಿ, ನಿಮ್ಮ ಕಣ್ಣ ಮುಂದೆ ಬರುವ ಅಳಿಲೇ ಬೇರೆ, ಅವರು ತಿನ್ನುವ ಅಳಿಲೇ ಬೇರೆ. ಲಾಲ್‌ಬಾಗ್‌ನಲ್ಲಿ, ಕಬ್ಬನ್ ಪಾರ್ಕ್‌ನಲ್ಲಿ ಕಡಲೆಕಾಯಿಗೆ ಓಡಿ ಬರುತ್ತದಲ್ಲ, ಬೆನ್ನ ಮೇಲೆ ಮೂರು ಗೀರಿನದು, ಅದು ತೂಗುವುದೇ 100 ಗ್ರಾಂ ಚಿಲ್ಲರೆ. ಕೆಂಟಕಿಯ ಬೂದು ಅಳಿಲು ಅರ್ಧ ಕೆಜಿ ಆಸುಪಾಸು ಬರುತ್ತದೆ. ಫಾಕ್ಸ್ ಸ್ಕ್ವಿರಲ್ ಅಂತ ಕಂದು ಬಣ್ಣದ ಇನ್ನೊಂದಿದೆ, ಅದು ಇನ್ನೂ ದಪ್ಪ. ಎರಡೂ ಹಿಕರಿ, ಓಕ್, ವಾಲ್‌ನಟ್ ಮರಗಳ ಕಾಯಿ ತಿಂದು ಕೊಬ್ಬುತ್ತವೆ. ಸೇತುವೆ ಕಟ್ಟಲು ಮರಳು ಹೊತ್ತಿದ್ದು, ರಾಮ ಬೆನ್ನು ಸವರಿದ್ದು, ಈ ಕಥೆಯೆಲ್ಲ ಅಲ್ಲಿ ಯಾರೂ ಕೇಳಿಲ್ಲ. ನಮ್ಮ ಹಳ್ಳಿಗಳಲ್ಲಿ ಯುಗಾದಿ ಸಮಯಕ್ಕೆ ಬಲೆ ಹಿಡಿದು ಮೊಲದ ಬೇಟೆಗೆ ಹೋಗುವ ರೂಢಿ ಇತ್ತಲ್ಲ, ಅವರಿಗೆ ಅಳಿಲು ಅಂದರೆ ಹೆಚ್ಚುಕಮ್ಮಿ ಆ ಲೆಕ್ಕ.

ಇದು ಇತ್ತೀಚಿನ ಶೋಕಿಯೂ ಅಲ್ಲ. ಯುರೋಪಿನಿಂದ ಹೋದವರು ಕಾಡು ಕಡಿದು ಮೆಕ್ಕೆಜೋಳ ಹಾಕಿದಾಗ ಅಳಿಲು ಹೊಲಕ್ಕೆ ನುಗ್ಗುತ್ತಿತ್ತು. ಹೊಡೆದರೆ ಬೆಳೆಯೂ ಉಳಿಯಿತು, ರಾತ್ರಿಗೆ ಸಾರೂ ಆಯಿತು. ಪೆನ್ಸಿಲ್ವೇನಿಯಾದಲ್ಲಂತೂ 1749ರಲ್ಲಿ ಸರ್ಕಾರವೇ ಅಳಿಲು ಕೊಂದವರಿಗೆ ತಲೆಗೆ ಮೂರು ಪೆನ್ನಿ ಇನಾಮು ಕೊಡುತ್ತಿತ್ತು. ಹುಡುಗರು ಕೋವಿ ಹಿಡಿಯಲು ಕಲಿಯುತ್ತಿದ್ದದ್ದೇ ಅಳಿಲಿನ ಮೇಲೆ. 1862ರಲ್ಲಿ, ಅಂತರ್ಯುದ್ಧದ ಹೊತ್ತಿನಲ್ಲಿ, ಸಿನ್ಸಿನಾಟಿ ಊರಿಗೆ ಅಪಾಯ ಬಂದಾಗ ಓಹಾಯೋ ಗವರ್ನರ್ ಕರೆ ಕೊಟ್ಟರೆ ಸುಮಾರು 16,000 ಜನ ಸ್ವಂತ ಕೋವಿ ಹೊತ್ತು ಬಂದರಂತೆ. ಅವರಿಗೆ ಬಿದ್ದ ಹೆಸರು ಸ್ಕ್ವಿರಲ್ ಹಂಟರ್ಸ್, ಅಂದರೆ ಅಳಿಲು ಬೇಟೆಗಾರರು.

ಈಗ ಬೇಟೆ. ನಾನು ಕೋವಿ ಮುಟ್ಟಿಲ್ಲ, ಜೊತೆಗೆ ಹೋಗಿ ಕೂತವನು ಅಷ್ಟೇ. ಕರೆದುಕೊಂಡು ಹೋಗುತ್ತಿದ್ದದ್ದು ನನ್ನ ಜೊತೆ ಕೆಲಸ ಮಾಡುತ್ತಿದ್ದವನ ಅಪ್ಪ, ವಯಸ್ಸಾದ ರೈತ. ಆಗಸ್ಟ್‌ನಲ್ಲಿ ಸೀಸನ್ ಶುರುವಾಗಿ ಫೆಬ್ರವರಿವರೆಗೆ ಇರುತ್ತದೆ. ಲೈಸೆನ್ಸ್ ಬೇಕು, ಒಬ್ಬರು ದಿನಕ್ಕೆ 6ಕ್ಕಿಂತ ಜಾಸ್ತಿ ಹೊಡೆಯುವ ಹಾಗಿಲ್ಲ. ಆದರೆ ಆತ ಆಗಸ್ಟ್‌ನಲ್ಲಿ ಕಾಡಿಗೆ ಕಾಲಿಡುತ್ತಿರಲಿಲ್ಲ. ಬೇಸಿಗೆ ಕೊನೆಯಲ್ಲಿ ಅಳಿಲಿನ ಚರ್ಮದೊಳಗೆ ಒಂದು ಜಾತಿ ನೊಣದ ಹುಳು ಬೆಳೆದು ಗಂಟು ಗಂಟಾಗಿರುತ್ತದೆ. ಮಾಂಸಕ್ಕೇನೂ ಆಗಲ್ಲ ಅಂತಾರೆ, ನೋಡಿದರೆ ಮಾತ್ರ ಊಟ ಸೇರಲ್ಲ. ಇಬ್ಬನಿ ಹೆಪ್ಪುಗಟ್ಟುವ ಚಳಿ ಬಂದಮೇಲೆಯೇ ಹೊರಡುವವರು ಅದಕ್ಕೇ ಜಾಸ್ತಿ.

ಬೆಳಕು ಹರಿಯುವ ಮೊದಲೇ ಹಿಕರಿ ಮರದ ಬುಡದಲ್ಲಿ ಕೂರಬೇಕು. ಕೆಮ್ಮಂಗಿಲ್ಲ, ಫೋನ್ ತೆಗೆಯಂಗಿಲ್ಲ. ಬೇಟೆ ಅಂದರೆ ಓಟ, ಕೂಗಾಟ ಅಂತ ಅಂದುಕೊಂಡವರಿಗೆ ತುಂಬಾ ಬೇಜಾರಾಗುವ ಕೆಲಸ. ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ಮೇಲೆ ಎಲ್ಲೋ ಹಲ್ಲಿನಿಂದ ಕಾಯಿ ಕೆರೆಯುವ ಸದ್ದು, ಆಮೇಲೆ ಸಿಪ್ಪೆಯ ಚೂರು ಎಲೆ ಮೇಲೆ ಉದುರುವ ಸದ್ದು. ನಿಮ್ಮನ್ನು ನೋಡಿತೋ, ಕಾಂಡದ ಆ ಕಡೆಗೆ ಜಾರಿಬಿಡುತ್ತದೆ. ನೀವು ಸುತ್ತಿದರೆ ಅದೂ ಸುತ್ತುತ್ತದೆ. ಅದಕ್ಕೇ ಇಬ್ಬರು ಬೇಕು. ಒಬ್ಬ ಎಲೆ ಸದ್ದು ಮಾಡುತ್ತಾ ಮರದ ಆ ಕಡೆ ಹೋದರೆ ಅಳಿಲು ಈ ಕಡೆ ಬರುತ್ತದೆ, ಕೂತವನು ಹೊಡೆಯುತ್ತಾನೆ. ನನ್ನನ್ನು ಆತ ಕರೆದುಕೊಂಡು ಹೋಗುತ್ತಿದ್ದದ್ದು ಮರ ಸುತ್ತೋದಕ್ಕೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು, ಬಿಡಿ. ಕೋವಿ ಸಣ್ಣದು, ಪಾಯಿಂಟ್ ಟೂ ಟೂ ರೈಫಲ್. ಗುಂಡು ತಲೆಗೇ ಬೀಳಬೇಕು. ಮೈಗೆ ಬಿದ್ದರೆ ಇರುವ ಸ್ವಲ್ಪ ಮಾಂಸವೂ ಹಾಳು. ಫೈಸ್ಟ್ ಅನ್ನುವ ಪುಟ್ಟ ನಾಯಿಗಳನ್ನು ಇದಕ್ಕಂತಲೇ ಸಾಕುವವರೂ ಇದ್ದಾರೆ. ಅಳಿಲನ್ನು ಮರ ಹತ್ತಿಸಿ ಬುಡದಲ್ಲಿ ನಿಂತು ಬೊಗಳುವುದು ಅವುಗಳ ಕೆಲಸ.

ಸುಲಿಯುವುದು ನಿಜವಾದ ಕಷ್ಟ. ಅಳಿಲಿನ ಚರ್ಮ ಬಲು ಗಟ್ಟಿ, ಕೂದಲು ಮಾಂಸಕ್ಕೆ ಅಂಟಿದರೆ ಸುಲಭಕ್ಕೆ ಬಿಡಲ್ಲ. ಅದಕ್ಕೆ ಮೊದಲು ನೀರಲ್ಲಿ ಪೂರ್ತಿ ನೆನೆಸುತ್ತಾರೆ. ಬಾಲದ ಕೆಳಗೆ ಚಾಕು ಹಾಕಿ ಮೂಳೆ ಕತ್ತರಿಸಿ, ಬೆನ್ನ ಚರ್ಮ ಮಾತ್ರ ಬಾಲಕ್ಕೆ ಅಂಟಿಕೊಂಡಿರುವ ಹಾಗೆ ಬಿಟ್ಟು, ಬಾಲವನ್ನು ಬೂಟಿನಲ್ಲಿ ತುಳಿದು ಹಿಂಗಾಲು ಹಿಡಿದು ಒಂದೇ ಸಮನೆ ಮೇಲಕ್ಕೆ ಎಳೆದರೆ ಮುಂಗಾಲಿನವರೆಗೂ ಕಳಚಿಕೊಂಡು ಬರುತ್ತದೆ. ಉಳಿದ ಅರ್ಧವನ್ನು ಹಿಂಗಾಲಿನ ಕಡೆಗೆ ಎಳೆಯುತ್ತಾರೆ. ಕೈ ಪಳಗಿದವರಿಗೆ ಒಂದೆರಡು ನಿಮಿಷದ ಕೆಲಸ. ಆಮೇಲೆ ಕರುಳು ತೆಗೆದು ಲಿವರ್ ನೋಡುತ್ತಾರೆ, ಅದರ ಮೇಲೆ ಬಿಳಿ ಚುಕ್ಕೆಗಳಿದ್ದರೆ ಪೂರ್ತಿ ಬಿಸಾಕುವುದು. ಟುಲರೀಮಿಯಾ ಅಂತ ಒಂದು ಕಾಯಿಲೆ ಇದೆ, ಮೊಲ, ಅಳಿಲುಗಳಿಂದ ಮನುಷ್ಯರಿಗೂ ಬರುತ್ತದೆ. ಕೈಗೆ ಗ್ಲೌಸ್ ಹಾಕುವುದೂ ಅದಕ್ಕೇ. ಕಂಕುಳಲ್ಲಿ ಸಣ್ಣ ಗ್ರಂಥಿಗಳಿರುತ್ತವೆ, ಬಿಟ್ಟರೆ ಸಾರು ಘಾಟು ಹೊಡೆಯುತ್ತದೆ.

ತಲೆ ಬಗ್ಗೆಯೂ ಕೇಳುತ್ತಾರೆ. ಹಿಂದೆ ಮಿದುಳನ್ನು ಮೊಟ್ಟೆ ಜೊತೆ ಹುರಿದು ತಿನ್ನುತ್ತಿದ್ದರು. 1997ರಲ್ಲಿ ಕೆಂಟಕಿಯ ವೈದ್ಯರು ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಗೆ ಬರೆದರು: ಮಿದುಳು ಸವೆಯುವ ಒಂದು ಅಪರೂಪದ ಕಾಯಿಲೆ ಬಂದ ಐದು ಜನರೂ ಅಳಿಲಿನ ಮಿದುಳು ತಿಂದವರು ಅಂತ. ಅಳಿಲಿನಿಂದಲೇ ಬಂತು ಅಂತ ಸಾಬೀತಾಗಲಿಲ್ಲ. ನಾನಂತೂ ಮುಟ್ಟಲಿಲ್ಲ, ಆ ರೈತನ ಮನೆಯಲ್ಲೂ ಬಿಟ್ಟಿದ್ದರು.

ಇನ್ನು ರುಚಿ. ಮಾಂಸ ಕಡುಗುಲಾಬಿ, ಕೊಬ್ಬು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಮೊಲಕ್ಕೆ ಹತ್ತಿರ, ಆದರೆ ಇನ್ನೂ ಒಂಚೂರು ಸಿಹಿ. ಎಳೆಯದನ್ನು ಹಿಟ್ಟಲ್ಲಿ ಹೊರಳಿಸಿ ಕರಿಯುತ್ತಾರೆ. ಬಲಿತದ್ದನ್ನು ಹಾಗೆ ಕರಿದರೆ ಜಗಿದೂ ಜಗಿದೂ ದವಡೆ ನೋಯುತ್ತದೆ, ಅದನ್ನು ಒಂದೆರಡು ಗಂಟೆ ಸಣ್ಣ ಉರಿಯಲ್ಲಿ ಬೇಯಿಸಲೇಬೇಕು. ಆ ಮನೆಯಲ್ಲಿ ಮಾಡುತ್ತಿದ್ದದ್ದು ಹೀಗೆ: ರಾತ್ರಿ ಉಪ್ಪುನೀರಲ್ಲಿ ನೆನೆಸಿಟ್ಟ ತುಂಡುಗಳನ್ನು ಒರೆಸಿ, ಮೈದಾ, ಉಪ್ಪು, ಕಾಳುಮೆಣಸಿನ ಪುಡಿಯಲ್ಲಿ ಹೊರಳಿಸಿ, ಕಬ್ಬಿಣದ ಬಾಣಲೆಯಲ್ಲಿ ಹಂದಿಕೊಬ್ಬು ಕಾಯಿಸಿ ಕೆಂಪಗೆ ಹುರಿದು ತೆಗೆಯುವುದು. ಅದೇ ಬಾಣಲೆಯಲ್ಲಿ ಈರುಳ್ಳಿ, ಮೇಲೆ ಸ್ವಲ್ಪ ಮೈದಾ, ಬಾಡಿದಮೇಲೆ ನೀರು, ಮತ್ತೆ ಮಾಂಸ ಹಾಕಿ ಮುಚ್ಚಿಟ್ಟರೆ ಮೂಳೆ ಬಿಡುವವರೆಗೆ ಕುದಿಯುತ್ತಾ ಇರುತ್ತದೆ. ಜೊತೆಗೆ ಅವರು ಬಿಸ್ಕೆಟ್ ಅನ್ನುವ ಮೆತ್ತನೆಯ ರೊಟ್ಟಿ. ಮಸಾಲೆ ಅಂತ ಇದ್ದದ್ದು ಕಾಳುಮೆಣಸು ಒಂದೇ. ನಾನು ಎರಡು ಹಸಿಮೆಣಸಿನಕಾಯಿ ಹಾಕೋಣವೇ ಅಂತ ಕೇಳಿದ್ದಕ್ಕೆ ಆತನ ಹೆಂಡತಿ ನನ್ನನ್ನು ನೋಡಿದ ನೋಟ, ನಮ್ಮಜ್ಜಿಯ ಸೊಪ್ಪಿನ ಸಾರಿಗೆ ಚೀಸ್ ಹಾಕೋಣ ಅಂದಿದ್ದರೆ ಅಜ್ಜಿ ನೋಡುತ್ತಿದ್ದ ನೋಟವೇ.

ವರ್ಜೀನಿಯಾದಲ್ಲಿ ಬ್ರನ್ಸ್‌ವಿಕ್ ಸ್ಟ್ಯೂ ಅಂತ ಹೆಸರುವಾಸಿ ಸಾರಿದೆ. 1828ರಲ್ಲಿ ಬೇಟೆಯ ಶಿಬಿರದಲ್ಲಿ ಜಿಮ್ಮಿ ಮ್ಯಾಥ್ಯೂಸ್ ಅನ್ನುವ ಅಡುಗೆಯವನು ಅಳಿಲು, ಈರುಳ್ಳಿ, ಒಣಗಿದ ಬ್ರೆಡ್ ಹಾಕಿ ಮಾಡಿದ್ದು ಅನ್ನುವುದು ಆ ಕಡೆಯವರ ವಾದ. ಜಾರ್ಜಿಯಾದವರು ಒಪ್ಪಲ್ಲ, ನಮ್ಮದೇ ಮೊದಲು ಅಂತಾರೆ. ದಾವಣಗೆರೆ ಬೆಣ್ಣೆದೋಸೆ ಜಗಳದಂಥದ್ದೇ ಇದೂ. ಇವತ್ತು ಎರಡೂ ಕಡೆ ಪಾತ್ರೆಯಲ್ಲಿ ಬೇಯುವುದು ಹೆಚ್ಚಾಗಿ ಕೋಳಿ. ಅಲ್ಲೂ ನಗರದ ಹುಡುಗರು ಅಳಿಲು ಅಂದರೆ ಮುಖ ಸಿಂಡರಿಸುತ್ತಾರೆ, ನಮ್ಮವರ ಹಾಗೇ.

ಪಾಪ ಅನ್ನಿಸಲಿಲ್ವಾ? ಅನ್ನಿಸಿತು. ಆದರೆ ಪ್ಲಾಸ್ಟಿಕ್ ಕವರ್‌ನಲ್ಲಿ ಅರ್ಧ ಕೆಜಿ ಚಿಕನ್ ತರುವಾಗ ನನಗೆ ಏನೂ ಅನ್ನಿಸಲ್ಲ, ಅದು ಯಾಕೆ ಅಂತ ಕೇಳುವವರು ಯಾರೂ ಇಲ್ಲ. ಬದುಕಿದ್ದಷ್ಟು ದಿನ ಕಾಡಿನಲ್ಲಿ ಓಡಾಡಿಕೊಂಡು, ಮರದ ಮೇಲೆ ಕಾಯಿ ತಿನ್ನುತ್ತಾ ಒಂದೇ ಗುಂಡಿಗೆ ಬಿದ್ದ ಪ್ರಾಣಿ, ಗೂಡಿನಲ್ಲಿ ಒತ್ತೊತ್ತಾಗಿ ಬೆಳೆದ ಕೋಳಿಗಿಂತ ಹೆಚ್ಚು ಕಷ್ಟಪಟ್ಟಿತು ಅಂತ ನನಗಂತೂ ಅನ್ನಿಸಲ್ಲ. ಇಂಗ್ಲೆಂಡಿನಲ್ಲಿ ಅಳಿಲು ತಿನ್ನೋದಕ್ಕೆ ಇನ್ನೊಂದು ಕಾರಣವೂ ಇದೆ. 1876ರಲ್ಲಿ ಅಮೆರಿಕದಿಂದ ತಂದು ಬಿಟ್ಟ ಬೂದು ಅಳಿಲು ಅಲ್ಲಿನ ಕೆಂಪು ಅಳಿಲನ್ನು ಮೂಲೆಗೆ ತಳ್ಳಿದೆ, ಸಾಲದ್ದಕ್ಕೆ ರೋಗವನ್ನೂ ಹರಡಿದೆ. ಹಾಗಾಗಿ ತಿಂದರೆ ಪುಣ್ಯ ಅನ್ನುವ ಹಾಗೆ ಮಾರುತ್ತಾರೆ. ಆ ಜಂಬ ನನಗೆ ಹಿಡಿಸಲ್ಲ, ರೈತನ ಊಟವೇ ಮೇಲು.

ಇಲ್ಲೂ ಹೊಡೆದು ತಿನ್ನಬಹುದಾ ಅಂತ ಕೇಳುವ ಪುಣ್ಯಾತ್ಮರಿಗೆ: ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೆ ನಮ್ಮಲ್ಲಿ ಷಿಕಾರಿಯ ಕಾಲ ಮುಗಿಯಿತು, ಯುಗಾದಿಯ ಮೊಲಕ್ಕೆ ಹೋದರೂ ಕೇಸು. ಪಶ್ಚಿಮಘಟ್ಟದ ಕೆಂಜಳಿಲು ಅಮೆರಿಕದ್ದಕ್ಕಿಂತ ದೊಡ್ಡದು ನಿಜ, ಆದರೆ ಅದನ್ನು ದಾಂಡೇಲಿಗೆ ಹೋಗಿ ಕತ್ತೆತ್ತಿ ನೋಡಬೇಕು ಅಷ್ಟೇ. ಕೆಂಟಕಿಯಲ್ಲಿ ಸೀಸನ್ ಇದೆ, ಲೆಕ್ಕ ಇದೆ, ತೂಕ ಇರುವ ಪ್ರಾಣಿ ಇದೆ. ಪಾರ್ಕಿನ 100 ಗ್ರಾಂ ಅಳಿಲಿನಲ್ಲಿ ತಿನ್ನೋದಾದರೂ ಏನನ್ನ?

ಆ ರುಚಿಯ ಹತ್ತಿರಕ್ಕೆ ಹೋಗಬೇಕಾದರೆ ಸಾಕಿದ ಮೊಲದ ಮಾಂಸ ತನ್ನಿ, ಬೆಂಗಳೂರಲ್ಲಿ ಹುಡುಕಿದರೆ ಸಿಗುತ್ತದೆ. ಮೇಲೆ ಹೇಳಿದ ಹಾಗೇ ಮಾಡಿ, ಹಂದಿಕೊಬ್ಬು ಬೇಡದವರು ಬೆಣ್ಣೆ ಹಾಕಿ. ಕುಕ್ಕರ್‌ನಲ್ಲಿ ವಿಷಲ್ ಕೂಗಿಸಬೇಡಿ, ಮಾಂಸ ನಾರಾಗುತ್ತದೆ, ದಪ್ಪ ತಳದ ಪಾತ್ರೆಯಲ್ಲಿ ನಿಧಾನಕ್ಕೆ ಬೇಯಲಿ. ಮುದ್ದೆಗೆ ಆ ಗೊಜ್ಜು ಸಪ್ಪೆ ಹೊಡೆಯುತ್ತದೆ, ಬೇಕರಿ ಬನ್ ಸಿಹಿಯಾಗುತ್ತದೆ. ಅಕ್ಕಿರೊಟ್ಟಿಗೆ ಮಾತ್ರ ಸರಿಯಾಗಿ ಹೊಂದುತ್ತದೆ, ಹಸಿಮೆಣಸಿನಕಾಯಿ ನಿಮ್ಮಿಷ್ಟ.