ಆಡದೇ ಉಳಿದ ಮೂರನೇ ಮಾತು

ತಪಸ್ಸುಕಾಲದ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು) ನಾಲ್ಕನೇ ಭಾನುವಾರ, ಮೂರು ವರ್ಷಕ್ಕೊಮ್ಮೆ, ಕಥೋಲಿಕ ಚರ್ಚಿನ ಪೂಜೆಯಲ್ಲಿ ದುಂದುಗಾರ ಮಗನ ಸಾಮತಿ ಓದುತ್ತಾರೆ: ಪಾಲಿನ ಆಸ್ತಿ ಹಾಳುಮಾಡಿ ಅಪ್ಪನ ಬಳಿಗೆ ಮರಳುವ ಮಗನ ಬಗ್ಗೆ ಯೇಸು ಹೇಳಿದ ದೃಷ್ಟಾಂತ. ಬಾಯಿಪಾಠವಾದ ಕಥೆ, ಹಾಗಾಗಿಯೇ ಅದರೊಳಗಿನ ಒಂದು ಸಣ್ಣ ಸಂಗತಿ ಕಿವಿಗೆ ಬೀಳದೆ ಜಾರಿಹೋಗುತ್ತದೆ. ಹಂದಿಗಳ ನಡುವೆ ಹಸಿದು ಕೂತ ಮಗ ಅಪ್ಪನೆದುರು ಏನು ಹೇಳಬೇಕೆಂದು ಮೊದಲೇ ಹೊಂದಿಸಿಕೊಳ್ಳುತ್ತಾನೆ: ಪಾಪ ಮಾಡಿದ್ದೇನೆ, ಮಗನೆನಿಸಿಕೊಳ್ಳಲು ಯೋಗ್ಯನಲ್ಲ, ಕೂಲಿಯಾಳಾಗಿ ಇಟ್ಟುಕೋ. ಬೈಬಲಿನ ಲೂಕನ ಶುಭಸಂದೇಶ, 15ನೇ ಅಧ್ಯಾಯದ 18, 19ನೇ ವಚನ. ಈಗ 21ಕ್ಕೆ ಬನ್ನಿ. ಮೊದಲೆರಡು ಮಾತು ಇವೆ, ಮೂರನೆಯದು ಇಲ್ಲ. ಅಷ್ಟರಲ್ಲಾಗಲೇ ಅಪ್ಪ ಆಳುಗಳನ್ನು ಕೂಗಿ ಅಂಗಿ, ಉಂಗುರ, ಜೋಡು ತರಲು ಹೇಳುತ್ತಿದ್ದಾನೆ.

ಪಾಪನಿವೇದನೆಯಿಂದ (ಗುರುಗಳೆದುರು, ಅಂದರೆ ಪಾದ್ರಿಗಳೆದುರು, ಪಾಪ ಒಪ್ಪಿಕೊಂಡು ದೇವರ ಕ್ಷಮೆ ಪಡೆಯುವುದು) ವರ್ಷಗಟ್ಟಲೆ ದೂರವಿದ್ದವರನ್ನು ತಡೆದು ನಿಲ್ಲಿಸುವುದು ಆ ಮೂರನೇ ಮಾತೇ. ಕುಡಿತ ಬಿಟ್ಟು ಬರುತ್ತೇನೆ, ಜಪ ರೂಢಿಯಾಗಲಿ ಆಮೇಲೆ ನೋಡೋಣ ಅನ್ನುವುದೆಲ್ಲ ಕೂಲಿಯ ಲೆಕ್ಕ. ಅಪ್ಪ ಓಡಿ ಬಂದು ಅಪ್ಪಿಕೊಂಡಾಗ ಮಗನ ಮೈಮೇಲೆ ಹಳೇ ಬಟ್ಟೆಯೇ ಇತ್ತು.

ಪಾಪನಿವೇದನೆಯ ಕ್ರಮದಲ್ಲೂ ಇದೇ ನಡೆ ಇದೆ. ಗುರುಗಳು ಪ್ರಾಯಶ್ಚಿತ್ತ ಹೇಳುತ್ತಾರೆ, ಕ್ಷಮೆಯ ಮಂತ್ರ ಉಚ್ಚರಿಸುತ್ತಾರೆ. ಪ್ರಾಯಶ್ಚಿತ್ತ ಮಾಡುವುದು ಸಾಮಾನ್ಯವಾಗಿ ಹೊರಗೆ ಬಂದ ಮೇಲೆ. ದುಡಿದು ಗಳಿಸಿದ ಕ್ಷಮೆಯಾಗಿದ್ದರೆ ಈ ಅನುಕ್ರಮ ತಿರುಗುಮುರುಗಾಗಬೇಕಿತ್ತು.

ಬಹುಕಾಲದ ನಂತರ ಬರುವವರು ಪಾಸ್ಖ (ಈಸ್ಟರ್) ಹಬ್ಬದ ಹಿಂದಿನ ದಿನಗಳ ಉದ್ದ ಸಾಲಿಗೆ ಸೇರಿಕೊಳ್ಳುವುದು ಬೇಡ. ಹಿಂದೆ ಹತ್ತು ಜನ ಕಾಯುತ್ತಿದ್ದರೆ ಬಾಯಿ ಕಟ್ಟುತ್ತದೆ. ಗುರುಗಳ ಬಳಿ ಬೇರೆ ಸಮಯ ಕೇಳಿ. ಕೊನೆಯ ಸಲ ಪಾಪನಿವೇದನೆ ಮಾಡಿ ಎಷ್ಟು ವರ್ಷವಾಯಿತು ಎಂಬಲ್ಲಿಂದ ಶುರುಮಾಡಿ. ಹತ್ತೋ ಹದಿನೈದೋ ಅಂದರೂ ನಡೆಯುತ್ತದೆ. ಪಶ್ಚಾತ್ತಾಪದ ಪ್ರಾರ್ಥನೆ ಮರೆತಿದ್ದರೆ "ನೀವೇ ಹೇಳಿಕೊಡಿ ಫಾದರ್" ಅಂದರೆ ಸಾಕು. ದೊಡ್ಡ ಪಾಪಗಳನ್ನು ಹೆಸರಿಟ್ಟು, ಸುಮಾರು ಎಷ್ಟು ಸಲ ಎಂದು ಹೇಳಬೇಕು. ಅದರ ಹಿಂದಿನ ಪುರಾಣ ಬೇಕಿಲ್ಲ, ಗಂಡನ ಅಥವಾ ಅತ್ತೆಯ ತಪ್ಪುಗಳಂತೂ ಖಂಡಿತ ಬೇಕಿಲ್ಲ. (ಹೆಚ್ಚಿನ ಹೊತ್ತು ಹಾಳಾಗುವುದು ಇಲ್ಲೇ.) ನಿಜವಾಗಿ ಮರೆತುಹೋದದ್ದೂ ಕ್ಷಮೆಯೊಳಗೇ ಸೇರುತ್ತದೆ, ಗಂಭೀರವಾದದ್ದು ನೆನಪಾದರೆ ಮುಂದಿನ ಸಲ ಹೇಳಿದರಾಯಿತು. ಬೇಕೆಂದೇ ಬಚ್ಚಿಟ್ಟರೆ ಮಾತ್ರ ಇಡೀ ನಿವೇದನೆ ಕೆಡುತ್ತದೆ. ಹೊರಗೆ ಗೊತ್ತಾದೀತೆಂಬ ಅಳುಕು ಬೇಡ, ತಮ್ಮ ಪ್ರಾಣ ಉಳಿಸಿಕೊಳ್ಳಲೂ ಗುರುಗಳು ಅದನ್ನು ಬಾಯಿಬಿಡುವಂತಿಲ್ಲ.

ಅಲ್ಲಿಯವರೆಗೆ ಪೂಜೆಗೆ ಬರಬಹುದೇ? ಬರಲೇಬೇಕು. ಪರಮಪ್ರಸಾದಕ್ಕೆ (ಪೂಜೆಯಲ್ಲಿ ಕ್ರಿಸ್ತನ ಶರೀರವೆಂದು ಸ್ವೀಕರಿಸುವ ರೊಟ್ಟಿ) ಮಾತ್ರ ಸ್ವಲ್ಪ ಕಾಯಿರಿ. ವಿಚ್ಛೇದನದ ನಂತರದ ಮರುಮದುವೆಯಂಥ ತೊಡಕಿದ್ದವರು ಮೊದಲು ಗುರುಗಳ ಜೊತೆ ಬಿಡುವಾಗಿ ಕೂತು ಮಾತಾಡುವುದು ಒಳ್ಳೆಯದು.

ಇಷ್ಟಾದರೂ ಕಾಲು ಮುಂದೆ ಬಾರದಿದ್ದರೆ ಯೊವಾನ್ನನ ಶುಭಸಂದೇಶದ ಎರಡು ಬೆಂಕಿಗಳನ್ನು ಓದಿ. 18ನೇ ಅಧ್ಯಾಯದಲ್ಲಿ ಶಿಷ್ಯ ಪೇತ್ರ ಅಂಗಳದ ಇದ್ದಿಲ ಬೆಂಕಿಗೆ ಮೈ ಕಾಯಿಸಿಕೊಳ್ಳುತ್ತಾ ತನ್ನ ಗುರು ಯೇಸುವನ್ನು ಅರಿಯೆನೆಂದ. 21ನೇ ಅಧ್ಯಾಯದಲ್ಲಿ ಪುನರುತ್ಥಾನರಾದ ಯೇಸು ದಡದ ಮೇಲೆ ಮತ್ತೆ ಇದ್ದಿಲ ಬೆಂಕಿಯನ್ನೇ ಹೊತ್ತಿಸಿಟ್ಟಿದ್ದಾರೆ. ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಮೂರು ಸಲ ಅಲ್ಲಗಳೆದವನಿಗೆ ಮೂರು ಸಲ "ನನ್ನನ್ನು ಪ್ರೀತಿಸುವೆಯಾ?" ಎಂದು ಕೇಳಿದರು. ಕೇಳಿದ್ದು ಊಟವಾದ ಮೇಲೆ.